ಅಂಗಡಿಯ ಅಳತೆ ನೋಡಿ, ಹೆಸರು ಕೇಳಬೇಡಿ

ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಒಂದು ವಿಚಿತ್ರ ನಿಯಮ ಇದೆ. ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ನಿಮ್ಮ ಅಂಗಡಿಗೆ ಆಗಲೇ 11 ಬ್ರಾಂಚು ಇದೆ, ಎಲ್ಲ ಕಡೆ ಅದೇ ಬೋರ್ಡು, ಅದೇ ಬಣ್ಣ, ಅದೇ ಯೂನಿಫಾರ್ಮು ಅಂತಿಟ್ಟುಕೊಳ್ಳಿ. ಆಗ ಇಲ್ಲಿನ ಬಡಾವಣೆಯ ಅಂಗಡಿ ಬೀದಿಯಲ್ಲಿ ಇನ್ನೊಂದನ್ನು ಸುಮ್ನೆ ತೆರೆಯುವ ಹಾಗಿಲ್ಲ. ನಗರದ ಯೋಜನಾ ಆಯೋಗದ ಮುಂದೆ ವಿಚಾರಣೆಗೆ ನಿಲ್ಲಬೇಕು. ಅಕ್ಕಪಕ್ಕದವರು ಬಂದು ಬೇಕು, ಬೇಡ ಅಂತ ಮಾತಾಡುತ್ತಾರೆ. 2004ರಲ್ಲಿ ಶುರುವಾದ ಈ ಪದ್ಧತಿಯನ್ನು 2006ರಲ್ಲಿ ಜನರೇ ಮತ ಹಾಕಿ ಇಂಥ ಎಲ್ಲ ವಲಯಗಳಿಗೂ ಹರಡಿದರು. ಹೇಸ್ ವ್ಯಾಲಿ, ನಾರ್ತ್ ಬೀಚ್ ಬಡಾವಣೆಗಳಲ್ಲಿ ಆ ವಿಚಾರಣೆಯೂ ಇಲ್ಲ. ಚೈನ್ ಅಂಗಡಿಗೆ ಬಾಗಿಲೇ ಮುಚ್ಚಿದೆ.

ಇಲ್ಲಿ ನೆಲೆಸಿರುವ ನನಗೆ ಈ ಬೀದಿಗಳು ತುಂಬಾ ಇಷ್ಟ. ಒಂದರಂತೆ ಇನ್ನೊಂದಿಲ್ಲ. ಆದರೆ ಅದರ ಪೂರ್ತಿ ಶ್ರೇಯಸ್ಸನ್ನು ಆ 11ರ ನಿಯಮಕ್ಕೆ ಕೊಡಲು ಮನಸ್ಸು ಒಪ್ಪುವುದಿಲ್ಲ.

ನಿಜವಾದ ಕೆಲಸ ಮಾಡುತ್ತಿರುವುದು ಯಾರೂ ಮಾತಾಡದ ಸಪ್ಪೆ ನಿಯಮಗಳು. ಅತಿ ಚಿಕ್ಕ ಅಂಗಡಿಗಳಿಗೆಂದೇ ಗುರುತಿಸಿದ ವಲಯದಲ್ಲಿ ಒಂದು ಅಂಗಡಿ 3,000 ಚದರ ಅಡಿ ಮುಟ್ಟಿದರೆ ವಿಶೇಷ ಅನುಮತಿ ಬೇಕು. ರಾತ್ರಿ 11 ದಾಟಿ ತೆರೆದಿಡಲೂ ಅಷ್ಟೇ. ಅಂಗಡಿಯ ಮೇಲೆ ಮನೆ ಇರಬಹುದು. 2018ರ ಡಿಸೆಂಬರಿನ ತೀರ್ಮಾನದಿಂದ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂಬ ಷರತ್ತೂ ಇಡೀ ನಗರದಲ್ಲಿ ಹೋಗಿದೆ. ಸಣ್ಣ ಅಂಗಡಿಯವನಿಗೆ ಇದು ದೊಡ್ಡ ವರ. ಅಂಗಡಿಗಿಂತ ಪಾರ್ಕಿಂಗ್ ದೊಡ್ಡದಾಗಿರಬೇಕು ಅಂದರೆ ಅವನು ಎಲ್ಲಿಗೆ ಹೋಗಬೇಕು?

ತೊಂದರೆ ಇರುವುದು ಪಟ್ಟಿಗಳಲ್ಲಿ. ಒಂದೊಂದು ವಲಯಕ್ಕೂ ಒಂದೊಂದು ಕೋಷ್ಟಕ. ಒಂದೊಂದು ವ್ಯಾಪಾರದ ಮುಂದೆಯೂ ಒಂದು ಗುರುತು: ಇದಕ್ಕೆ ಸರಿ, ಇದಕ್ಕೆ ವಿಚಾರಣೆ, ಇದು ಬೇಡವೇ ಬೇಡ. ವಿಚಾರಣೆ ಅಂದರೆ ತಿಂಗಳುಗಟ್ಟಲೆ ಕಾಯುವುದು, ಖಾಲಿ ಮಳಿಗೆಗೆ ಬಾಡಿಗೆ ಕಟ್ಟುತ್ತಾ. ಚೈನ್ ಕಂಪನಿಗೆ ವಕೀಲರಿದ್ದಾರೆ, ಕಾಯುವ ತಾಕತ್ತಿದೆ. ಮೊದಲ ಸಲ ಅಂಗಡಿ ಹಾಕುವವನಿಗೆ? ಕೊನೆಗೆ 2020ರ ನವೆಂಬರಿನಲ್ಲಿ ಮತದಾರರೇ ಇದನ್ನು ಸಡಿಲ ಮಾಡಬೇಕಾಯಿತು. ನಿಯಮಕ್ಕೆ ಹೊಂದುವ ಸಣ್ಣ ವ್ಯಾಪಾರದ ಅರ್ಜಿ 30 ದಿನದಲ್ಲಿ ಮುಗಿಯಬೇಕು ಅಂತಾಯಿತು.

ಪಟ್ಟಿಯ ಹುಚ್ಚು ಅಮೆರಿಕದವರಿಗೆ ಮಾತ್ರ ಅಂದುಕೊಳ್ಳಬೇಡಿ. 2006ರಲ್ಲಿ ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ವಸತಿ ಪ್ರದೇಶದ ಅಂಗಡಿಗಳಿಗೆ ಬೀಗ ಬಿತ್ತು. ದೊಡ್ಡ ಗಲಾಟೆಯಾಯಿತು. ಮರುವರ್ಷ ಬಂದ ಮಾಸ್ಟರ್ ಪ್ಲಾನ್, ಮನೆಯ ನೆಲಮಹಡಿಯಲ್ಲಿ 20 ಚದರ ಮೀಟರ್ ಒಳಗಿನ ಅಂಗಡಿ ಇರಬಹುದು ಅಂತು. ಒಳ್ಳೆಯದೇ. ಅಲ್ಲಿಗೇ ನಿಲ್ಲಿಸಬಹುದಿತ್ತು. ಇಲ್ಲ, ಯಾವ್ಯಾವ ಅಂಗಡಿ ಅಂತಲೂ ಬರೆದರು: ಕ್ಷೌರ, ಇಸ್ತ್ರಿ, ಹಿಟ್ಟಿನ ಗಿರಣಿ, ಎಸ್‌ಟಿಡಿ ಬೂತು, ಸೈಬರ್ ಕೆಫೆ. ಈಗ ಎಸ್‌ಟಿಡಿ ಬೂತು ಎಲ್ಲಿದೆ ಹೇಳಿ? ಪಟ್ಟಿ ಬರೆದ ದಿನವೇ ಹಳತಾಗಲು ಶುರು.

ಬೆಂಗಳೂರಿನ ದಾರಿ ಬೇರೆ. 2007ರಲ್ಲಿ ಜಾರಿಯಾದ ಮಾಸ್ಟರ್ ಪ್ಲಾನ್ ರಸ್ತೆಯ ಅಗಲ ನೋಡಿ ವಸತಿ ವಲಯಕ್ಕೂ ವ್ಯಾಪಾರವನ್ನು ಬಿಟ್ಟಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಗಲ ರಸ್ತೆ ಸಿಕ್ಕಿದ್ದೇ ತಡ, ದಿನಸಿ ಅಂಗಡಿಯ ಜೊತೆಗೆ ಪಬ್ಬೂ ಬಂದು ಕೂರುತ್ತದೆ. ಇಂದಿರಾನಗರದ ನಿವಾಸಿಗಳ ಹೋರಾಟ ಇದೇ ತಾನೇ? ಆದರೆ ಆ ಸಿಟ್ಟಿನಲ್ಲಿ ಪಬ್ಬು ಮತ್ತು ದಿನಸಿ ಅಂಗಡಿ ಎರಡನ್ನೂ ಒಂದೇ ಏಟಿಗೆ ಓಡಿಸಲು ಹೊರಟರೆ ಅನ್ಯಾಯ. ಅದಕ್ಕಿಂತ ಕೆಟ್ಟದ್ದು, ಅರ್ಧ ಅಂಗಡಿಗಳು ಕಾನೂನಿನ ಹೊರಗೇ ನಡೆಯುವುದು. ಆಗ ಯೋಜನೆ ಮಾಡುವುದು ಪ್ರಾಧಿಕಾರ ಅಲ್ಲ, ತಪಾಸಣೆಗೆ ಬರುವವನು.

ಜಪಾನಿನವರು ಇದನ್ನು ಸರಳ ಮಾಡಿಕೊಂಡಿದ್ದಾರೆ. ವಲಯಗಳ ಬಗೆಗಳು ಇಡೀ ದೇಶಕ್ಕೆ ಒಂದೇ, ಒಟ್ಟು 13. ಅತಿ ಕಟ್ಟುನಿಟ್ಟಾದ, ಹೆಚ್ಚು ಎತ್ತರವಿಲ್ಲದ ಮನೆಗಳ ವಲಯದಲ್ಲೂ ಮನೆಯೊಳಗೇ ಸಣ್ಣ ಅಂಗಡಿ ಇಡಬಹುದು. 50 ಚದರ ಮೀಟರ್ ಮೀರಬಾರದು, ಮನೆಯ ಅರ್ಧಕ್ಕಿಂತ ಕಮ್ಮಿ ಇರಬೇಕು. ಮುಂದಿನ ವಲಯದಲ್ಲಿ 150, ಅದರ ಮುಂದಿನದರಲ್ಲಿ 500. ಅಲ್ಲೂ ಪಟ್ಟಿ ಇಲ್ಲ ಅಂತಲ್ಲ. ಆದರೆ ಮೊದಲು ನೋಡುವುದು ಅಳತೆ. ಅಳತೆಯೊಳಗೆ ಇದ್ದರೆ ನೆರೆಯವರ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಇದರಿಂದ ಚೈನ್ ಅಂಗಡಿಗಳೂ ಒಳಗೆ ಬರುತ್ತವೆ, ಹೌದು. ಬರಲಿ, 150 ಚದರ ಮೀಟರಿನಲ್ಲಿ ಅವರೂ ಸಣ್ಣ ಅಂಗಡಿಯವರೇ.

ಸ್ಯಾನ್ ಫ್ರಾನ್ಸಿಸ್ಕೋದ ಗೆಳೆಯರಿಗೆ ಇದು ಹಿಡಿಸುವುದಿಲ್ಲ ಅಂತ ಗೊತ್ತು. ಆದರೂ ಯೋಚಿಸಿ: ಇದೇ ನಗರದಲ್ಲಿ ಹುಟ್ಟಿ ನಿಧಾನಕ್ಕೆ ಬೆಳೆದ ಅಂಗಡಿಯೂ ಹನ್ನೆರಡನೆಯ ಬಾಗಿಲಿಗೆ ಬಂದಾಗ ಪರಕೀಯ ಆಗಿಬಿಡುತ್ತದೆ. ಇನ್ನೊಂದು ಕಡೆ, ಖಾಲಿ ಮಳಿಗೆಗೆ ತೆರಿಗೆ ಹಾಕುವ ನಿಯಮವನ್ನೂ ಇದೇ ಜನ 2020ರಲ್ಲಿ ತಂದರು. ವರ್ಷದಲ್ಲಿ 182 ದಿನಕ್ಕಿಂತ ಜಾಸ್ತಿ ಖಾಲಿ ಬಿಟ್ಟರೆ, ಬೀದಿಗೆ ಮುಖ ಮಾಡಿದ ಪ್ರತಿ ಅಡಿಗೆ ಮೊದಲ ವರ್ಷ 250 ಡಾಲರ್. ಅದು ನನಗೆ ಪೂರ್ತಿ ಒಪ್ಪಿಗೆ.

ಬೆಂಗಳೂರಿಗೆ ಹೊಸ ಮಾಸ್ಟರ್ ಪ್ಲಾನ್ ಬರೆಯುವವರು ಸ್ಯಾನ್ ಫ್ರಾನ್ಸಿಸ್ಕೋ, ಜಪಾನ್ ಎರಡೂ ಕಡೆಯಿಂದ ಒಂದಿಷ್ಟು ತೆಗೆದುಕೊಳ್ಳಬಹುದು. ರಸ್ತೆ ಎಷ್ಟೇ ಅಗಲ ಇರಲಿ, ಮನೆಗಳ ಸಾಲಿನಲ್ಲಿ ಇಷ್ಟು ಚದರ ಮೀಟರ್ ಒಳಗಿನ ಅಂಗಡಿ ಅರ್ಜಿಯಿಲ್ಲದೆ ಸಕ್ರಮ. ರಾತ್ರಿ ಇಷ್ಟು ಗಂಟೆಗೆ ಬಾಗಿಲು ಮುಚ್ಚಬೇಕು. ಮದ್ಯ, ಜೋರು ಸಂಗೀತ ಇದ್ದರೆ ಮಾತ್ರ ವಿಚಾರಣೆ, ಅಲ್ಲಿ ನಿವಾಸಿಗಳು ಎಷ್ಟು ಬೇಕಾದರೂ ಜಗಳವಾಡಲಿ.