ಮೂರು ಡ್ರಾ ಮಾಡಿದವನೂ ಪಾಸು

2028ರ ಯೂರೋ ಕಪ್ ಫುಟ್‌ಬಾಲ್ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಕಡೆ ನಡೆಯುತ್ತದೆ. ಮನೆ ಯಜಮಾನರಾದರೂ ನಾಲ್ವರೂ ಅರ್ಹತಾ ಪಂದ್ಯ ಆಡಿಯೇ ಬರಬೇಕಂತೆ. ಆಹಾ, ಎಂಥಾ ಶಿಸ್ತು ಅಂದುಕೊಂಡೆ. ಆಮೇಲೆ ಮುಂದಿನ ಸಾಲು ಓದಿದೆ. ಫೇಲಾದರೆ ಇರಲಿ ಅಂತ ಅವರಿಗೆಂದೇ ಎರಡು ಸೀಟು ತೆಗೆದಿಟ್ಟಿದ್ದಾರೆ. ಎಂಟ್ರೆನ್ಸ್ ಟೆಸ್ಟೂ ಇದೆ, ಮ್ಯಾನೇಜ್‌ಮೆಂಟ್ ಕೋಟಾವೂ ಇದೆ. ನಮಗೇನು ಇದು ಹೊಸದಲ್ಲ ಬಿಡಿ.

ಯುಇಎಫ್‌ಎ ಅಂದರೆ ಈ ಕಪ್ ನಡೆಸುವ ಯುರೋಪಿನ ಫುಟ್‌ಬಾಲ್ ಸಂಸ್ಥೆ, ದೊಡ್ಡ ಮನಸ್ಸಿನದು. 2016ರಲ್ಲಿ ಹದಿನಾರು ತಂಡಗಳಿದ್ದ ಟೂರ್ನಿಯನ್ನು 24ಕ್ಕೆ ಏರಿಸಿದರು. ಆರು ಗುಂಪು ಮಾಡಿದರು. ಪ್ರತಿ ಗುಂಪಿನ ಮೊದಲಿಬ್ಬರನ್ನು ಎಣಿಸಿದರೆ ಹನ್ನೆರಡು. ಮುಂದಿನ ಸುತ್ತಿಗೆ ಬೇಕಾದ್ದು ಹದಿನಾರು. ಇನ್ನು ನಾಲ್ಕು ಎಲ್ಲಿಂದ ತರೋದು? ಮೂರನೇ ಸ್ಥಾನದಲ್ಲಿ ಉಳಿದ ಆರು ತಂಡಗಳಲ್ಲಿ ಇದ್ದುದರಲ್ಲಿ ವಾಸಿ ಅನ್ನಿಸಿದ ನಾಲ್ಕನ್ನು ಎತ್ತಿಕೊಂಡರಾಯಿತು. ಅಂದರೆ 36 ಪಂದ್ಯ ಆಡಿಸಿ ಮನೆಗೆ ಕಳಿಸೋದು ಬರೀ ಎಂಟು ತಂಡಗಳನ್ನು. ‘ಬರ್ತೀವಿ’ ಅಂತ ಎದ್ದ ನೆಂಟರು ಗೇಟಿನ ಹತ್ತಿರ ಮುಕ್ಕಾಲು ಗಂಟೆ ನಿಲ್ಲುತ್ತಾರಲ್ಲ, ಅವರೂ ಇದಕ್ಕಿಂತ ಬೇಗ ಹೊರಡುತ್ತಾರೆ.

ಹಾಗೆ ಪಾಸಾದ ಮೂರನೆಯವನು ಮುಂದೆ ಯಾರ ಜೊತೆ ಆಡಬೇಕು ಅನ್ನೋದಕ್ಕೆ ಹದಿನೈದು ಸಾಲಿನ ಒಂದು ಕೋಷ್ಟಕ ಬೇರೆ ಇದೆ. ಯಾವ ನಾಲ್ಕು ಗುಂಪಿನವರು ದಾಟಿದರು ಅನ್ನೋದರ ಮೇಲೆ ಎದುರಾಳಿ ಬದಲಾಗುತ್ತಾನೆ. ಪಂಚಾಂಗ ನೋಡುವ ಜೋಯಿಸರನ್ನು ಕರೆಸಿದರೆ ಹೇಳಿಯಾರು. ಕೋಚ್‌ಗಳ ಕೈಲಿ ಆಗೋ ಮಾತಲ್ಲ.

2024ರ ಯೂರೋ ಜರ್ಮನಿಯಲ್ಲಿ ನಡೆದಾಗ, ಜೂನ್ 26ರ ರಾತ್ರಿ, ನಾನೂ ಈ ಜೋಯಿಸಿಕೆಗೆ ಕೂತಿದ್ದೆ. ನಮ್ಮ ಗಂಟೆ ಒಂಬತ್ತೂವರೆ. ಟಿವಿಯಲ್ಲಿ ಉಕ್ರೇನ್–ಬೆಲ್ಜಿಯಂ, ಮೊಬೈಲಿನಲ್ಲಿ ಸ್ಲೊವಾಕಿಯಾ–ರೊಮೇನಿಯಾ. ಕೈಗೆ ಸಿಕ್ಕಿದ್ದು ಮಗಳ ಗಣಿತದ ನೋಟ್‌ಬುಕ್ಕು. ಅದರ ಕೊನೇ ಪುಟದಲ್ಲಿ ಗೆರೆ ಎಳೆದು ಬರೆಯುತ್ತಾ ಹೋದೆ. ಪಂದ್ಯಗಳು ಮುಗಿದಾಗ ಆ ಗುಂಪಿನ ನಾಲ್ಕೂ ತಂಡಕ್ಕೆ ನಾಲ್ಕು ನಾಲ್ಕು ಅಂಕ. ಒಂದು ಗೆಲುವು, ಒಂದು ಸೋಲು, ಒಂದು ಡ್ರಾ, ನಾಲ್ವರದ್ದೂ ಅದೇ ಜಾತಕ. ಗೋಲು ವ್ಯತ್ಯಾಸದಲ್ಲಿ ಉಕ್ರೇನ್ ಕೊನೆಗೆ ಬಿತ್ತು, ಮನೆಗೆ ಹೋಯಿತು. ಮನೆ ಅಂದರೆ ಯುದ್ಧ ನಡೆಯುತ್ತಿದ್ದ ಊರು. ಅತ್ತ ಸ್ಲೊವಾಕಿಯಾ, ರೊಮೇನಿಯಾ ಬೀಗರ ಹಾಗೆ ಒಂದೊಂದು ಗೋಲು ಹಂಚಿಕೊಂಡು ಇಬ್ಬರೂ ದಾಟಿಕೊಂಡರು. ಡ್ರಾ ಆದರೆ ಇಬ್ಬರಿಗೂ ಸಾಕು ಅಂತ ಆಡುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಬೇರೆ ಗುಂಪಿನಲ್ಲಿ ಮೂರೇ ಅಂಕ ಇದ್ದ ಸ್ಲೊವೇನಿಯಾ ಕೂಡ ಪಾಸು. ನಾಲ್ಕು ಅಂಕದವನು ಫೇಲು, ಮೂರು ಅಂಕದವನು ಪಾಸು. ಆಮೇಲೆ ಆ ಪುಟ ನೋಡಿದ ಮಗಳ ಮೇಷ್ಟ್ರು ಕೆಂಪು ಇಂಕಿನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರು. ನನ್ನದೂ ಅದೇ ಪ್ರಶ್ನೆ, ಸಾರ್.

ಹಂಗೇರಿಯ ಪಾಡು ಇನ್ನೂ ಚೆನ್ನಾಗಿತ್ತು. 23ನೇ ತಾರೀಕು ನೂರನೇ ನಿಮಿಷದಲ್ಲಿ ಗೋಲು ಹೊಡೆದು ಸ್ಕಾಟ್ಲೆಂಡನ್ನು ಸೋಲಿಸಿದರು. ಕುಣಿದರು, ಅತ್ತರು. ಆಮೇಲೆ? ಮೂರನೇ ಸ್ಥಾನ, ವೇಟಿಂಗ್ ಲಿಸ್ಟ್. ಮೂರು ದಿನ ಬೇರೆಯವರ ಪಂದ್ಯ ನೋಡುತ್ತಾ ಕೂತರು. ಮೂರನೇ ರಾತ್ರಿ ಜಾರ್ಜಿಯಾ ಪೋರ್ಚುಗಲ್ಲನ್ನು ಸೋಲಿಸಿ ಆ ಲಿಸ್ಟಿನಲ್ಲಿ ಮೇಲೆ ಹೋಯಿತು, ಹಂಗೇರಿಯ ಟಿಕೆಟ್ ಕನ್‌ಫರ್ಮ್ ಆಗಲೇ ಇಲ್ಲ.

ವೇಟಿಂಗ್ ಲಿಸ್ಟ್ ಅಂದಾಗ ರೈಲು ನೆನಪಾಯಿತು. ಜರ್ಮನಿಗೆ ಹೋಗಿ ಬಂದ ನಮ್ಮ ಚಿಕ್ಕಪ್ಪನೊಬ್ಬರು ಮೂವತ್ತು ವರ್ಷ ಒಂದೇ ಮಾತು ಹೇಳಿ ನಮ್ಮ ಜೀವ ತಿಂದಿದ್ದರು. ಅಲ್ಲಿ ರೈಲು ನೋಡಿ ಗಡಿಯಾರ ಸರಿ ಮಾಡ್ಕೋತಾರೆ ಕಣೋ, ಅಂತ. ಅದೇ ಜರ್ಮನಿಯಲ್ಲಿ, ಅದೇ ಟೂರ್ನಿಯಲ್ಲಿ ಫಿಲಿಪ್ ಲಾಮ್ ಉಕ್ರೇನ್–ಸ್ಲೊವಾಕಿಯಾ ಪಂದ್ಯಕ್ಕೆ ಡಸೆಲ್‌ಡಾರ್ಫಿಗೆ ಹೊರಟರು. 2014ರಲ್ಲಿ ವಿಶ್ವಕಪ್ ಎತ್ತಿದ ಕ್ಯಾಪ್ಟನ್. ಈ ಟೂರ್ನಿಗೇ ನಿರ್ದೇಶಕರು. ರೈಲು ಲೇಟು. ಅವರು ಮುಟ್ಟುವಷ್ಟರಲ್ಲಿ ಆಟ ಶುರುವಾಗಿತ್ತು. ಸೆಮಿಫೈನಲ್ ಆಡಬೇಕಿದ್ದ ನೆದರ್ಲೆಂಡ್ಸ್ ತಂಡದ ರೈಲು ಹೊರಡಲೇ ಇಲ್ಲ. ಹಳಿ ಬಂದ್ ಆಗಿತ್ತಂತೆ. ಪ್ರೆಸ್ ಮೀಟ್ ರದ್ದು ಮಾಡಿ ವಿಮಾನ ಹತ್ತಿದರು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಹಿಂದೆ ಎಲ್ಲ ಸರಿ ಇತ್ತು ಅಂತ ನಾನೇನೂ ಹೇಳೋದಿಲ್ಲ. 1968ರಲ್ಲಿ ಇಟಲಿ–ಸೋವಿಯತ್ ಸೆಮಿಫೈನಲ್ ನಾಣ್ಯ ಚಿಮ್ಮಿಸಿ ತೀರ್ಮಾನ ಮಾಡಿದ್ದರು. ಆದರೆ ಅದು ಒಂದೇ ಕ್ಷಣದಲ್ಲಿ ಮುಗಿಯಿತು, ಯಾರೂ ನೋಟ್‌ಬುಕ್ ಹಾಳು ಮಾಡಿಕೊಳ್ಳಲಿಲ್ಲ. 2016ರಲ್ಲಿ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿ, ಮೂರನೇ ಸ್ಥಾನಕ್ಕೆ ಬಂದು, ಕೊನೆಗೆ ಕಪ್ಪನ್ನೇ ಹೊತ್ತುಕೊಂಡು ಹೋಯಿತು. ತೊಂಬತ್ತು ನಿಮಿಷದೊಳಗೆ ಗೆದ್ದದ್ದು ಒಂದೇ ಪಂದ್ಯ, ವೇಲ್ಸ್ ಮೇಲೆ. ಡ್ರಾ ಮಾಡಿದರೆ ತಪ್ಪೇನು ಸ್ವಾಮಿ? 2024ರಲ್ಲಿ ಒಂದು ಡ್ರಾಕ್ಕೆ ಐದು ಲಕ್ಷ ಯೂರೋ ಕೊಡುತ್ತಿದ್ದರು.

ಸ್ಲೊವೇನಿಯಾ ಹಾಗೇ ಮೂರು ಡ್ರಾ ಮಾಡಿತು. ಅದೇ ಗುಂಪಿನ ಡೆನ್ಮಾರ್ಕ್ ಕೂಡ ಮೂರು ಡ್ರಾ. ಇಬ್ಬರೂ ಹೊಡೆದದ್ದು ಎರಡು ಗೋಲು, ಬಿಟ್ಟುಕೊಟ್ಟದ್ದು ಎರಡು. ಎರಡನೆಯವರು ಯಾರು, ಮೂರನೆಯವರು ಯಾರು? ಹಳದಿ ಕಾರ್ಡ್ ಎಣಿಸಿದರು. ಆಟಗಾರರ ಕಾರ್ಡೂ ಸಮ. ಸ್ಲೊವೇನಿಯಾದ ಸಹಾಯಕ ಕೋಚ್ ಬೆಂಚಿನ ಹತ್ತಿರ ತಿಂದಿದ್ದ ಒಂದು ಹಳದಿ ಕಾರ್ಡು ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ಅರ್ಹತಾ ಪಂದ್ಯಗಳ ಪಟ್ಟಿ ತೆಗೆದು, ಅದರಲ್ಲಿ ಮೇಲಿದ್ದ ಡೆನ್ಮಾರ್ಕನ್ನು ಎರಡನೆಯದು ಅಂದರು. ಯುರೋಪಿನ ಫುಟ್‌ಬಾಲ್ ಭವಿಷ್ಯ ಹಳೇ ಮಾರ್ಕ್ಸ್ ಕಾರ್ಡಿನ ಮೇಲೆ ನಿಂತಿತ್ತು.

ಆ ಎರಡು ತಂಡಗಳ ಪಂದ್ಯದಲ್ಲಿ ಡೆನ್ಮಾರ್ಕಿಗೆ ಗೋಲು ಹೊಡೆದದ್ದು ಕ್ರಿಸ್ಟಿಯನ್ ಎರಿಕ್ಸನ್. ಇಲ್ಲಿಗೆ ಬಂದರೆ ನನಗೆ ತಮಾಷೆ ಮಾಡೋಕೆ ಆಗೋದಿಲ್ಲ. 2021ರ ಜೂನ್ 12, ಕೋಪನ್‌ಹೇಗನ್, ಫಿನ್ಲೆಂಡ್ ವಿರುದ್ಧದ ಪಂದ್ಯ. ಥ್ರೋ ಇನ್ ಚೆಂಡಿನ ಕಡೆ ಹೋಗುತ್ತಿದ್ದ ಮನುಷ್ಯ ಹಾಗೇ ಮುಂದಕ್ಕೆ ಬಿದ್ದ. ಹೃದಯ ನಿಂತಿತ್ತು. ಡಾಕ್ಟರುಗಳು ಎದೆ ಒತ್ತುತ್ತಿದ್ದರು. ಆಟಗಾರರು ಸುತ್ತ ಗೋಡೆ ಕಟ್ಟಿದ ಹಾಗೆ, ಅವನಿಗೆ ಬೆನ್ನು ಹಾಕಿ ನಿಂತಿದ್ದರು, ಕ್ಯಾಮೆರಾಕ್ಕೆ ಕಾಣಬಾರದು ಅಂತ. ಕೆಲವರು ಅಳುತ್ತಿದ್ದರು. ಅವನು ಬದುಕಿದ. ಎರಡು ಗಂಟೆಯೊಳಗೆ ಅದೇ ಹುಡುಗರು ಮತ್ತೆ ಮೈದಾನಕ್ಕಿಳಿದು ಉಳಿದ ಆಟ ಆಡಿದರು, 0–1 ಸೋತರು. ಅವರ ಮುಂದೆ ಇಟ್ಟಿದ್ದ ಆಯ್ಕೆ ಎರಡೇ. ಇವತ್ತೇ ರಾತ್ರಿ ಮುಗಿಸಿ, ಇಲ್ಲಾ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ. ಅವತ್ತು ಆಡಬಾರದಿತ್ತು ಅಂತ ಅವರ ಕೋಚ್ ಆಮೇಲೆ ಹೇಳಿದರು.

ಮೂರನೇ ಸ್ಥಾನದವನಿಗೆ ಗ್ರೇಸ್ ಮಾರ್ಕ್ಸ್ ಇದೆ. ಮನೆ ಯಜಮಾನನಿಗೆ ಕೋಟಾ ಇದೆ. ಡೆನ್ಮಾರ್ಕಿನ ಮುಂದಿನ ಪಂದ್ಯ ಇದ್ದದ್ದು 17ಕ್ಕೆ, ಅದೇ ಮೈದಾನದಲ್ಲಿ. ಫಿನ್ಲೆಂಡಿನದ್ದು 16ಕ್ಕೆ. ನಡುವೆ ದಿನ ಇರಲಿಲ್ಲವೇ? ಆ ಟೂರ್ನಿಯ ಹೆಸರು ಯೂರೋ 2020, ನಡೆದದ್ದು 2021ರಲ್ಲಿ. ಹನ್ನೊಂದು ಊರುಗಳಲ್ಲಿ ಆಡಿಸಿದ ಇಡೀ ಜಾತ್ರೆಯನ್ನೇ ಒಂದು ವರ್ಷ ಮುಂದಕ್ಕೆ ಹಾಕಿದ್ದರು, ಅಲ್ವಾ?