ಹಳದಿ ಕೆಂಪು ಬಾವುಟ ಹಿಡಿದವರು ದೇಶಭಕ್ತಿಗೆ ಸಾಕ್ಷಿ ಕೊಡಬೇಕಾ?

"ದೇಶಕ್ಕೆ ಒಂದು ಬಾವುಟ ಇದೆಯಲ್ಲ, ನಿಮಗೆ ಇನ್ನೊಂದು ಯಾಕೆ?" ರಾಜ್ಯೋತ್ಸವ ಹತ್ತಿರ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರೆಲ್ಲ ಹೊರಗಿನವರಲ್ಲ, ನಮ್ಮವರೂ ಕೇಳುತ್ತಾರೆ. ಆ ಧಾಟಿ ನನಗೆ ನಿಜಕ್ಕೂ ನೋವು ಕೊಡುತ್ತದೆ.

ಅಂಥವರಿಗೆ ನಾನು 1938ರ ಮಾತು ಹೇಳುತ್ತೇನೆ. ಆಗ ಮೈಸೂರು ಸಂಸ್ಥಾನದಲ್ಲಿ ವಿವಾದದ ಬಾವುಟ ಯಾವುದಾಗಿತ್ತು ಗೊತ್ತಾ? ಚರಕ ಇದ್ದ ತ್ರಿವರ್ಣ, ಕಾಂಗ್ರೆಸ್ಸಿನ ಬಾವುಟ. ಅದನ್ನು ಹಾರಿಸಲು ಸರ್ಕಾರ ಬಿಡುತ್ತಿರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಜನ ನಿಷೇಧ ಮುರಿದು ಹಾರಿಸಿದರು. ಮುಖಂಡರ ಬಂಧನವಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಳ್ಳಿಯ ಜನ ಅಲ್ಲೇ ಪ್ರಾಣ ಬಿಟ್ಟರು. ತ್ರಿವರ್ಣಕ್ಕಾಗಿ ಸತ್ತ ಕನ್ನಡಿಗರು ಅವರು.

ಆಮೇಲೆ ಆದದ್ದು ಇನ್ನೂ ಮುಖ್ಯ. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಗೇ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ತೀರ್ಮಾನವಾಯಿತು. ದೇಶವನ್ನು ಒಂದುಗೂಡಿಸಿದ ಪಟೇಲರೇ ಎರಡು ಬಾವುಟ ಒಟ್ಟಿಗೆ ಹಾರುವುದನ್ನು ಒಪ್ಪಿದ್ದರು. ಇವತ್ತು ನಮಗೆ ಯಾಕೆ ಕಷ್ಟ?

ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಬೇರೆ ಬಾವುಟ ಇರಬಾರದು. ಸರಿಯಾದ ನಿಯಮ. ಅದನ್ನು ಪಾಲಿಸಿ ನಮ್ಮ ಬಾವುಟ ಹಾರಿಸಿದರೆ ಯಾರ ಗೌರವಕ್ಕೂ ಕುಂದಿಲ್ಲ.

ಇನ್ನೊಂದು ಮಾತು. ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ) ಗುರುತಿನ ಖಾದಿ ರಾಷ್ಟ್ರಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2021ರ ಕೊನೆಯಲ್ಲಿ ಸಂಹಿತೆ ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಬೆಂಗೇರಿಯವರು ಪ್ರತಿಭಟನೆ ಮಾಡಿದರು. ನಮಗೆ ದೇಶಭಕ್ತಿಯ ಪಾಠ ಹೇಳುವವರಲ್ಲಿ ಎಷ್ಟು ಜನ ಆ ಹೆಣ್ಣುಮಕ್ಕಳ ಪರ ನಿಂತರು?

ಹಳದಿ ಕೆಂಪು ಬಾವುಟ ಸರ್ಕಾರ ಕೊಟ್ಟದ್ದಲ್ಲ. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ್ದು. ಆಟೋ ಸ್ಟ್ಯಾಂಡಿನವರು, ಕಾರ್ಖಾನೆಯ ಕಾರ್ಮಿಕರು, ಬೀದಿಬೀದಿಯ ಕನ್ನಡ ಸಂಘದವರು ಅದನ್ನು ಉಳಿಸಿಕೊಂಡು ಬಂದರು. 2012ರಲ್ಲಿ ನವೆಂಬರ್ 1ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಇದನ್ನು ಹಾರಿಸಬೇಕು ಅಂತ ಆದೇಶವಾಯಿತು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಹಿಂದೆ ಸರಿಯಿತು. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯನವರು ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರುವ ಹೊಸ ಬಾವುಟ ತೋರಿಸಿ ಕೇಂದ್ರದ ಒಪ್ಪಿಗೆಗೆ ಕಳಿಸಿದರು. ಅದನ್ನು ಆಟೋಗೆ ಕಟ್ಟಿದವರನ್ನು ನಾನಂತೂ ನೋಡಿಲ್ಲ. ಜನರ ಕೈಯಲ್ಲಿ ಈಗಲೂ ಹಳೆಯದೇ ಇದೆ. ನನ್ನ ಕೇಳಿದರೆ ಇದಕ್ಕೆ ಸರ್ಕಾರದ ಮೊಹರು ಬೇಕಿಲ್ಲ. ಇದು ಸುತ್ತೋಲೆ ಕಳಿಸಿ ಹಾರಿಸುವ ಬಾವುಟ ಅಲ್ಲ.

ಹಾಗಂತ ಇದನ್ನು ಹಿಡಿದು ಮಾಡಿದ್ದೆಲ್ಲ ಸರಿ ಅಂತಲೂ ಹೇಳಲಾರೆ. 2021ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ನಮ್ಮ ಬಾವುಟ ಸುಟ್ಟರು. ಹೊಟ್ಟೆ ಉರಿಯಿತು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದರು, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದರು. ಮಸಿ ಬಳಿದವರು ಯಾರೇ ಆಗಿರಲಿ, ಕನ್ನಡದ ಮಾನ ಕಾಪಾಡಲಿಲ್ಲ. ಬೆಳಗಾವಿಯ ಗಲ್ಲಿಗಳಲ್ಲಿ ಕನ್ನಡ, ಮರಾಠಿ ಎರಡೂ ಆಡಿಕೊಂಡು ಅಕ್ಕಪಕ್ಕ ಬದುಕುವವರ ನೆಮ್ಮದಿ ಕೆಟ್ಟಿತು, ಅಷ್ಟೇ.

ಬ್ಯಾಂಕಿನಲ್ಲಿ, ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೇ ಬೇಕು. ಅದಕ್ಕಾಗಿ ಬಾವುಟ ಹಿಡಿದು ಬೀದಿಗಿಳಿಯುವವರ ಜೊತೆ ನಾನೂ ಬರುತ್ತೇನೆ. ಹೊಟ್ಟೆಪಾಡಿಗೆ ಬಂದ ಡೆಲಿವರಿ ಹುಡುಗನ ಮುಂದೆ ಅದೇ ಬಾವುಟದ ಕೋಲು ಎತ್ತಿ, ಹೆದರಿಸಿ, ವಿಡಿಯೊ ಹಾಕುವವರ ಜೊತೆ ಬರುವುದಿಲ್ಲ.