ಹತ್ತು ಪೈಸೆ ಇಳಿಕೆಯ ಲೆಕ್ಕ

ದಾವಣಗೆರೆಯ ಮಂಡಿಪೇಟೆಯಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕಸುಬು. ಹಾಗಾಗಿ ಯಾರದಾದರೂ ಕರೆಂಟ್ ಬಿಲ್ ಕೈಗೆ ಸಿಕ್ಕರೆ ಒಟ್ಟು ಮೊತ್ತಕ್ಕಿಂತ ಮೊದಲು ಅದರ ಹೊಟ್ಟೆಯೊಳಗಿನ ಸಾಲುಗಳನ್ನು ಓದುವ ಚಾಳಿ. ಮೊನ್ನೆ ಜೋಳ ಬೀಸಿಸಲು ಹೋದಾಗ ನಮ್ಮ ಓಣಿಯ ಗಿರಣಿಯವರು ಹಿಟ್ಟು ಮೆತ್ತಿದ ಬಿಲ್ಲೊಂದನ್ನು ಮುಂದೆ ಹಿಡಿದರು. "ಮೋಟಾರ್ ಸುಟ್ಟು ಹದಿನೈದು ದಿನ ಬಾಗಿಲು ಹಾಕಿದ್ದೆ ಸರ್. ಆದರೂ ಇಷ್ಟು ಬಂದಿದೆ. ತಿರುಗದ ಮೋಟಾರಿಗೂ ದುಡ್ಡೇ?"

ಬಿಲ್‌ನಲ್ಲಿ ತಪ್ಪೇನೂ ಇರಲಿಲ್ಲ. ಅದು ನಿಗದಿತ ಶುಲ್ಕ. ಮೋಟಾರಿನ ಅಶ್ವಶಕ್ತಿ ಎಷ್ಟೋ ಅಷ್ಟರ ಮೇಲೆ, ಓಡಿಸಿದರೂ ಓಡಿಸದಿದ್ದರೂ ಕಟ್ಟಬೇಕು. ಗೋದಾಮಿನ ಬಾಡಿಗೆ ಇದ್ದಂತೆ, ಚೀಲ ಇಡದಿದ್ದರೂ ತಿಂಗಳು ತುಂಬಿದರೆ ಕೊಡಲೇಬೇಕಲ್ಲ ಎಂದೆ. ಸರಬರಾಜು ಕಂಪನಿಯ ಕಥೆಯೂ ಅದೇ. ಕುಡತಿನಿಯಲ್ಲೋ ರಾಯಚೂರಿನಲ್ಲೋ ಇರುವ ಉಷ್ಣ ಸ್ಥಾವರಕ್ಕೆ ಎರಡು ಬಾಬತ್ತಿನಲ್ಲಿ ಹಣ ಸಲ್ಲುತ್ತದೆ. ಸ್ಥಾವರ ಸಿದ್ಧವಾಗಿ ನಿಂತಿದ್ದಕ್ಕೆ ಒಂದು, ಸುಟ್ಟ ಕಲ್ಲಿದ್ದಲಿಗೆ ಇನ್ನೊಂದು. ಗಿರಣಿಯವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಒಪ್ಪಿಗೆಯಿಲ್ಲ.

ನಮ್ಮಲ್ಲಿ ಈಗಲೂ ಎಲ್ಲರೂ 'ಕೆಇಬಿಯವರು ದರ ಏರಿಸಿದರು' ಎನ್ನುತ್ತಾರೆ. ಕೆಇಬಿ, ಅಂದರೆ ಹಳೆಯ ವಿದ್ಯುತ್ ಮಂಡಳಿ, ಹೋಗಿ ಕಾಲು ಶತಮಾನ ಕಳೆಯಿತು. ಈಗ ದರ ನಿಗದಿ ಮಾಡುವುದು 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಮುಂದಿನ ವರ್ಷಕ್ಕೆ ಇಷ್ಟು ವಿದ್ಯುತ್ ಖರೀದಿಸಬೇಕು, ಸಂಬಳ, ಬಡ್ಡಿ, ತಂತಿಯಲ್ಲಿ ಸೋರುವ ನಷ್ಟ ಎಲ್ಲ ಸೇರಿ ಇಷ್ಟು ಬೇಕು ಎಂದು ಕಂಪನಿಗಳು ಅರ್ಜಿ ಹಾಕುತ್ತವೆ. ಆಯೋಗ ಅದರಲ್ಲಿ ಒಂದಿಷ್ಟನ್ನು ಕತ್ತರಿಸಿ, ಉಳಿದದ್ದನ್ನು ಮನೆ, ಅಂಗಡಿ, ಕಾರ್ಖಾನೆ, ಪಂಪ್‌ಸೆಟ್ ಎಂದು ಹಂಚುತ್ತದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅರ್ಜಿಯನ್ನು ಪ್ರಕಟಿಸಬೇಕು, ಜನರ ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳಲ್ಲಿ ಆದೇಶ ಕೊಡಬೇಕು. 2023ರಲ್ಲಿ ಆ ಆದೇಶ ಬಂದ ಹೊತ್ತು ನೆನಪಿದೆಯೇ? ಮೇ 10ಕ್ಕೆ ವಿಧಾನಸಭೆಗೆ ಮತದಾನ, 13ಕ್ಕೆ ಎಣಿಕೆ, ನಡುವೆ 12ರಂದು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ ಅನ್ವಯ. ಬೈಗುಳ ಮಾತ್ರ ಮೀಟರ್ ಓದಲು ಬಂದ ಹುಡುಗನ ಪಾಲಿಗೆ.

ಈಗ 2025ರ ಮಾರ್ಚ್‌ನ ಆದೇಶಕ್ಕೆ ಬನ್ನಿ. ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ನಮ್ಮ ಓಣಿಯಲ್ಲಿ ಅದನ್ನು ಓದಿ ಹಿಗ್ಗಿದವರಿದ್ದರು. ಆದರೆ ಅದೇ ಆದೇಶದಲ್ಲಿ ನಿಗದಿತ ಶುಲ್ಕ, ಮನೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 120ರಿಂದ 145 ರೂಪಾಯಿ ಆಯಿತು. ಎರಡು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ ಉರಿಸಿದರೆ ಉಳಿತಾಯ ಹತ್ತು ರೂಪಾಯಿ, ಹೆಚ್ಚುವರಿ ಐವತ್ತು. ಈ ಐವತ್ತು ಹತ್ತು ಪೈಸೆಯ ಲೆಕ್ಕದಲ್ಲಿ ವಾಪಸ್ ಬರಬೇಕಾದರೆ 500 ಯೂನಿಟ್ ಬಳಸಬೇಕು. ಮೇಲೆ ನೌಕರರ ಪಿಂಚಣಿ, ಗ್ರಾಚುಟಿಗೆಂದು ಆ ವರ್ಷ ಯೂನಿಟ್‌ಗೆ 36 ಪೈಸೆ ಬೇರೆ, ಅದು ಸೇರಿದರೆ ಹತ್ತು ಪೈಸೆಯ ಉಳಿತಾಯ ಯಾರಿಗೂ ಉಳಿಯದು. ಅದರಲ್ಲೂ ಅಷ್ಟೇ ಕಿಲೋವ್ಯಾಟ್ ಮಂಜೂರಾದ ಮನೆಗಳಲ್ಲಿ ಆ ಐವತ್ತನ್ನು ಯೂನಿಟ್‌ಗಳ ಮೇಲೆ ಹಂಚಿ ನೋಡಿದರೆ, ಹೆಚ್ಚು ಉರಿಸುವವರಿಗೆ ಹಗುರ, ಎರಡು ದೀಪ ಒಂದು ಫ್ಯಾನಿನವರಿಗೆ ಭಾರ. ಖಾಸಗಿ ಅಂಗಡಿಯವನು ಬೋರ್ಡಿನಲ್ಲಿ ದರ ಇಳಿಸಿ ತೂಕದಲ್ಲಿ ಹೀಗೆ ಮಾಡಿದ್ದರೆ ನಾವು ಸುಮ್ಮನೆ ಬಿಡುತ್ತಿದ್ದೆವೇ? ವೆಚ್ಚ ನಿಜವೇ ಇರಬಹುದು. ಅದನ್ನು ಹಂಚಿದ ರೀತಿಯ ಬಗ್ಗೆ ನನ್ನ ತಕರಾರು.

ಇನ್ನು ಇಂಧನ ಹೊಂದಾಣಿಕೆ. ಕಲ್ಲಿದ್ದಲು ತುಟ್ಟಿಯಾದರೆ, ಹೊರಗಿನಿಂದ ಹೆಚ್ಚಿನ ಬೆಲೆಗೆ ವಿದ್ಯುತ್ ಕೊಂಡರೆ ಆ ವ್ಯತ್ಯಾಸ ನಮ್ಮ ಬಿಲ್‌ಗೆ ಬರುತ್ತದೆ. ಅಗ್ಗವಾದರೆ ಕಡಿಮೆಯೂ ಆಗುತ್ತದೆ, ಆ ಮಾತನ್ನೂ ಹೇಳಬೇಕು. 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು ಇದನ್ನು ತಿಂಗಳು ತಿಂಗಳು ತಾನಾಗಿಯೇ ವಸೂಲಾಗುವಂತೆ ಮಾಡಿತು. ತತ್ತ್ವ ಸರಿ, ಬೆಲೆ ಏರಿದಾಗ ಯಾರಾದರೂ ಹೊರಲೇಬೇಕು. ಆದರೆ ನಮ್ಮ ಮಂಡಕ್ಕಿ ಭಟ್ಟಿಯವರನ್ನು ನೋಡಿ. ಭತ್ತ ತುಟ್ಟಿಯಾದ ಕೂಡಲೇ ಅವರು ಪೂರಾ ಏರಿಕೆಯನ್ನು ಗಿರಾಕಿಯ ತಲೆಗೆ ಕಟ್ಟಲಾರರು, ಪಕ್ಕದಲ್ಲೇ ಇನ್ನೊಂದು ಭಟ್ಟಿ ಉರಿಯುತ್ತಿರುತ್ತದೆ. ಹಾಗಾಗಿ ಭತ್ತ ಕೊಳ್ಳುವಾಗ ಚೌಕಾಸಿ ಮಾಡುತ್ತಾರೆ. ಕೊಂಡ ಬೆಲೆಯೆಲ್ಲ ತಾನಾಗಿ ವಾಪಸ್ ಬರುವವನಿಗೆ ಚೌಕಾಸಿ ಏತಕ್ಕೆ? ಆ ಚೌಕಾಸಿಯನ್ನು ನಮ್ಮ ಪರವಾಗಿ ಮಾಡಬೇಕಾದದ್ದು ಆಯೋಗ, ಅದೂ ಹಣ ವಸೂಲಾಗುವ ಮೊದಲು. ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಕಂಡಾಗಲೆಲ್ಲ ಅನ್ನಿಸುತ್ತದೆ, ಇವಕ್ಕೆ ಕಲ್ಲಿದ್ದಲು ಬೇಡ, ಆದರೂ ಅವುಗಳ ಬುಡದಲ್ಲಿರುವ ಹಳ್ಳಿಯ ಬಿಲ್‌ನಲ್ಲಿ ಕಲ್ಲಿದ್ದಲಿನ ಏರಿಕೆ ಇರುತ್ತದೆ. ಎಲ್ಲ ಮೂಲಗಳ ವಿದ್ಯುತ್ತನ್ನೂ ಒಂದೇ ಹಗೇವಿಗೆ ಸುರಿದು ಸರಾಸರಿ ಬೆಲೆ ಕಟ್ಟುವುದರಿಂದ ಹಾಗೆ.

ಕೊಳವೆ ಅನಿಲದ್ದು ಇನ್ನೂ ವಿಚಿತ್ರ. ದಾಭೋಲ್–ಬೆಂಗಳೂರು ಕೊಳವೆ ಮಾರ್ಗ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳನ್ನು ಹಾದುಹೋಗುತ್ತದೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಆ ಕೊಳವೆಯ ಸಾಗಣೆ ದರವನ್ನು ನಿಗದಿ ಮಾಡುತ್ತದೆ, ಅಡುಗೆಮನೆಯ ಒಲೆಗೆ ಬರುವ ಅನಿಲದ ಬೆಲೆಯನ್ನಲ್ಲ. ಅದು ಅನಿಲ ಹಂಚುವ ಕಂಪನಿಯ ಇಷ್ಟ. ಅಲ್ಲಿ ಆಕ್ಷೇಪಣೆ ಸಲ್ಲಿಸೋಣವೆಂದರೆ ವಿಚಾರಣೆಯೇ ಇಲ್ಲ.

ವಿಚಾರಣೆ ಇರುವ ಕಡೆ, ಅಂದರೆ ಬೆಂಗಳೂರಿನಲ್ಲಿ ವಿದ್ಯುತ್ ಆಯೋಗದ ಮುಂದೆ, ನಾವು ಹೋಗುವುದಿಲ್ಲ. ಅಲ್ಲಿ ದೊಡ್ಡ ಕೈಗಾರಿಕೆಗಳ ಸಂಘಗಳು ಲೆಕ್ಕಪತ್ರ ಹಿಡಿದು ಕೂರುತ್ತವೆ. ಗೃಹಜ್ಯೋತಿ ಬಂದ ಮೇಲೆ ಮನೆಗಳವರು ಬಿಲ್ ಬಿಡಿಸಿಯೂ ನೋಡುವುದಿಲ್ಲ, ಶೂನ್ಯ ಎಂದಿದ್ದರೆ ಸಾಕು. ನಾನು ಆ ಯೋಜನೆಯ ವಿರೋಧಿಯಲ್ಲ, ನಮ್ಮ ಮನೆಗೂ ಶೂನ್ಯ ಬಿಲ್ಲೇ ಬರುತ್ತದೆ. ಆದರೆ ಆ ಶೂನ್ಯದ ಹಿಂದೆ ಸರ್ಕಾರ ತುಂಬುವ ಮೊತ್ತ ಇದೇ ಆಯೋಗದ ದರದಲ್ಲಿ ಲೆಕ್ಕವಾಗುತ್ತದೆ. ಅದೂ ನಮ್ಮದೇ ತೆರಿಗೆ. ಗಿರಣಿಯವರಿಗಂತೂ ಶೂನ್ಯವೂ ಇಲ್ಲ, ಸಂಘವೂ ಇಲ್ಲ.

ಮುಂದಿನ ಸಲ ಪ್ರಕಟಣೆ ಬಂದಾಗ ನಿಮ್ಮ ಹೆಸರಿನಲ್ಲಿ ನಾನೇ ಆಕ್ಷೇಪಣೆ ಬರೆದುಕೊಡುತ್ತೇನೆ ಎಂದೆ. ಅವರು ಬಿಲ್ಲನ್ನು ಕೊಡವಿ ಜೇಬಿಗಿಟ್ಟುಕೊಂಡರು.

"ಬೆಂಗಳೂರಿಗೆ ಹೋಗಬೇಕಾದರೆ ಒಂದು ದಿನ ಗಿರಣಿ ನಿಲ್ಲಿಸಬೇಕಲ್ಲ ಸರ್. ಆ ದಿನದ ನಿಗದಿತ ಶುಲ್ಕ ಯಾರು ಕಟ್ಟುತ್ತಾರೆ?"